ಸಣ್ಣ ಗೇಣು

ಸತ್ತವರು ಏನಾದರೂ ಗುರುತು ತೋರಿಸುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿರಲಿಲ್ಲ. ಆದರೆ ನಂಬುತ್ತಲೂ ಇರಲಿಲ್ಲ. ಅಳತೆಗೆ ಸಿಕ್ಕಿದ್ದನ್ನು ಮಾತ್ರ ಬರೆಯಬೇಕು ಎಂಬುದು ನನ್ನ ಕಸುಬಿನ ನಿಯಮ. ಈಗ ಹೇಳಹೊರಟಿರುವುದರಲ್ಲಿ ನನಗಿರುವ ತೊಂದರೆ ಎಂದರೆ, ಅದು ಅಳತೆಗೆ ಸಿಕ್ಕಿತ್ತು.

ಜಮಖಂಡಿ ಸಂಸ್ಥಾನ ಇನ್ನೂ ಇದ್ದ ಕಾಲ. ಸುತ್ತಲಿನ ಪ್ರಾಣಿಪಕ್ಷಿಗಳ ವಿವರ ಬರೆದಿಡುವ ಕೆಲಸ ನನ್ನದಾಗಿತ್ತು. ಆಗ ಹಕ್ಕಿಗಳ ಅಧ್ಯಯನ ಎಂದರೆ ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ ಪೆಟ್ಟಿಗೆಯಲ್ಲಿಡುವುದು. ತೇರದಾಳದ ಜೈನ ಮನೆತನದವನಾದ ನನ್ನಿಂದ ಅದಾಗಲಿಲ್ಲ. ಕೂತು ನೋಡುತ್ತಿದ್ದೆ, ಎಣಿಸುತ್ತಿದ್ದೆ, ಬರೆಯುತ್ತಿದ್ದೆ.

ಬೇಸಿಗೆಯಲ್ಲಿ ಗಲಗಲಿಯ ಬಳಿ ಕೃಷ್ಣೆಯ ನೀರು ಇಳಿದು ನಡುವೆ ಮರಳಿನ ದಿಬ್ಬ ಏಳುತ್ತದೆ. ಮೀನು ಹಿಡಿದು ಬದುಕುವ ರೀವ ಹಕ್ಕಿಗಳು ಆ ಮರಳಲ್ಲೇ ಸಣ್ಣ ಕುಳಿ ಮಾಡಿ ಮೊಟ್ಟೆ ಇಡುತ್ತವೆ. ಮೊಟ್ಟೆಗೂ ಮರಳಿನದೇ ಬಣ್ಣ. ಎಷ್ಟೋ ಸಲ ತುಳಿದ ಮೇಲೆಯೇ ಗೊತ್ತಾಗುವುದು. ನನ್ನನ್ನು ಅಲ್ಲಿಗೆ ದಾಟಿಸುತ್ತಿದ್ದ ಅಂಬಿಗ ಮಲ್ಲಪ್ಪ ಪ್ರತಿ ವರ್ಷ ಒಂದೇ ಮಾತು ಹೇಳಿ ನಗುತ್ತಿದ್ದ: “ಮಂದಿ ತತ್ತಿ ತಿಂತಾರ್ರಿ, ನೀವು ಬರೇ ಎಣಸ್ತೀರಿ. ಇದಕ್ಕೂ ಪಗಾರ ಅದ ಅಂದ್ರ ನಿಮ್ಮದು ಛಲೋ ಆತು ಬಿಡ್ರಿ.”

ಒಂದು ವರ್ಷ ನನ್ನ ಮಗಳು ಪದ್ಮಾ ಹಟ ಹಿಡಿದು ಜೊತೆಗೆ ಬಂದಳು. ಎಂಟು ವರ್ಷದವಳು. ನನಗೆ ಕಾಣದ ಗೂಡು ಅವಳಿಗೆ ಕಾಣುತ್ತಿತ್ತು. ಗೂಡು ಕಂಡರೆ ಅದರ ಪೂರ್ವಕ್ಕೆ ಒಂದು ಗೇಣು ದೂರದಲ್ಲಿ ತೊಗರಿ ಕಡ್ಡಿ ನೆಡು ಎಂದು ಹೇಳಿಕೊಟ್ಟೆ. ಇನ್ನೂ ಹತ್ತಿರ ನೆಟ್ಟರೆ ಹಕ್ಕಿ ಬೆದರುತ್ತದೆ. ಸಂಜೆ ಅಳೆದು ನೋಡಿದರೆ ನಾನು ನೆಟ್ಟ ಕಡ್ಡಿಗಳು ಒಂಬತ್ತು ಇಂಚು ದೂರ, ಅವಳು ನೆಟ್ಟವು ಆರು ಇಂಚೂ ಇಲ್ಲ. ಗದರಿದೆ. ಅವಳು ಬೆರಳುಗಳನ್ನು ಅಗಲಿಸಿ ಅಂಗೈ ನನ್ನ ಮುಖಕ್ಕೇ ಹಿಡಿದಳು. “ಗೇಣ ಅಂದಿ. ಯಾರ ಗೇಣ ಅಂತ ನೀ ಹೇಳಿಲ್ಲಲ್ಲಪ್ಪಾ!”

ತಪ್ಪು ನನ್ನದೇ. ಹಾಗಾಗಿ ಪುಸ್ತಕದಲ್ಲಿ ಅವಳ ಗೂಡುಗಳ ಮುಂದೆ ‘ಸಣ್ಣ ಗೇಣು’ ಎಂದು ಬರೆದೆ. ‘ಕಂಡವರು’ ಎಂಬ ಅಂಕಣದಲ್ಲಿ ತನ್ನ ಹೆಸರನ್ನೇ ಹಾಕಿಸಿದಳು.

ಅದೇ ಬೇಸಿಗೆ, ಮನೆಗೆ ಮರಳಿದ ಅವಳಿಗೆ ಜ್ವರ ಬಂತು. ನಾನು ಮತ್ತೆ ಹೊಳೆಯಲ್ಲಿದ್ದೆ. ಕೂಡಲೇ ಬರಬೇಕೆಂದು ಹೆಂಡತಿ ಹೇಳಿಕಳಿಸಿದಳು. ಮೊಟ್ಟೆಗಳು ಅಂದೇ ಬಿರುಕು ಬಿಡತೊಡಗಿದ್ದವು. ಇಪ್ಪತ್ತು ದಿನ ಕಾದಿದ್ದೆ. ಇನ್ನೆರಡು ದಿನ ನೋಡಿ ಬರುತ್ತೇನೆ ಎಂದು ಹೇಳಿಕಳಿಸಿದೆ. ಮೂರನೆಯ ದಿನ ಸಂಜೆ ಮನೆ ಮುಟ್ಟಿದಾಗ ಅಂಗಳದಲ್ಲಿ ಜನ ನಿಂತಿದ್ದರು. ಹೆಂಡತಿ ನನ್ನನ್ನು ನೋಡಿ ಒಂದೇ ಮಾತು ಕೇಳಿದಳು. “ಮರಿ ಹೊರಗ ಬಂದ್ವೇನ್ರಿ?”

ಆಮೇಲೆ ವರ್ಷವಿಡೀ ಅವಳ ಬಾಯಲ್ಲಿ ಪದ್ಮಾಳ ಹೆಸರು ಬರಲೇ ಇಲ್ಲ. ಊಟಕ್ಕೆ ಕರೆಯುತ್ತಿದ್ದಳು, ಅಷ್ಟೇ. ಹಿಂದಿನ ದೀಪಾವಳಿಗೆ ಮಗಳು ದನದ ಕೊಟ್ಟಿಗೆಯ ಗೋಡೆಗೆ ಬೆರಳು ಅಗಲಿಸಿ ಸುಣ್ಣದ ಅಂಗೈ ಒತ್ತಿದ್ದಳು. ಆ ಗೋಡೆಯನ್ನು ಸಾರಿಸಲು ಹೆಂಡತಿ ಯಾರಿಗೂ ಬಿಡಲಿಲ್ಲ.

ಮರುವರ್ಷ ಕೆಲಸ ಬಿಡುವ ಅರ್ಜಿ ಬರೆದಿಟ್ಟು, ಕೊನೆಯ ಬಾರಿ ಎಣಿಸಿ ಪುಸ್ತಕ ಮುಗಿಸೋಣ ಎಂದು ಹೋದೆ. ಹನ್ನೆರಡು ಕಡ್ಡಿ ಒಯ್ದಿದ್ದೆ. ಸಂಜೆಯೊಳಗೆ ಒಂಬತ್ತು ಗೂಡು ಸಿಕ್ಕವು. ಒಂಬತ್ತು ಕಡ್ಡಿ ನೆಟ್ಟು ಪಟ್ಟಿ ಹಿಡಿದು ಅಳೆದೆ. ಉಳಿದ ಮೂರು ಚೀಲದಲ್ಲಿದ್ದವು. ಮಲ್ಲಪ್ಪ ದೋಣಿ ತೆಗೆದುಕೊಂಡು ಊರಿಗೆ ಹೋದ. ನಾನು ಚೀಲವನ್ನೇ ತಲೆದಿಂಬು ಮಾಡಿಕೊಂಡು ದಿಬ್ಬದ ಮೇಲೆ ಮಲಗಿದೆ. ಕನಸು ಬೀಳಲಿಲ್ಲ. ಗಾಳಿಯದಲ್ಲದೆ ಬೇರೆ ಸದ್ದು ಕೇಳಿಸಲಿಲ್ಲ.

ಬೆಳಗಾಗುತ್ತಲೇ ಬಂದ ಮಲ್ಲಪ್ಪ ದೋಣಿಯಲ್ಲಿ ನಿಂತೇ ಕೂಗಿದ. “ಸಾಹೇಬ್ರ, ಒಂಬತ್ತ ಅಂದಿದ್ರಲ್ರಿ? ಹತ್ತ ಕಡ್ಡಿ ಕಾಣತಾವ.”

“ನಿನ್ನಿ ಕುಡದದ್ದು ಇನ್ನೂ ಇಳಿದಿಲ್ಲೇನಲೇ?” ಎಂದೆ.

“ಖರೇನ್ರಿ. ನೀವ ಎಣಸ್ರಿ, ಪಗಾರ ನಿಮಗದ.”

ಎಣಿಸಿದೆ. ಹತ್ತು. ಹತ್ತನೆಯದರ ಪಶ್ಚಿಮಕ್ಕೆ ಕುಳಿ, ಕುಳಿಯಲ್ಲಿ ಮೂರು ಮೊಟ್ಟೆ. ಹಿಂದಿನ ಸಂಜೆ ನಾನು ಅದರಿಂದ ಒಂದು ಮೊಳ ದೂರದಲ್ಲೇ ನಡೆದು ಹೋಗಿದ್ದೆ, ಕಂಡಿರಲಿಲ್ಲ. ಕಡ್ಡಿಗೂ ಗೂಡಿಗೂ ಇದ್ದ ದೂರ ಆರೂ ಕಾಲು ಇಂಚು. ಮೂರು ಸಲ ಅಳೆದೆ. ಚೀಲದಲ್ಲಿ ಎರಡೇ ಕಡ್ಡಿ ಇದ್ದವು.

ಗಾಳಿ ರಾತ್ರಿಯೆಲ್ಲ ಬೀಸಿ ಹೆಜ್ಜೆಗಳನ್ನು ಒರೆಸಿತ್ತು. ನನ್ನ ಹೆಜ್ಜೆಗಳೂ ಇರಲಿಲ್ಲ; ಆದ್ದರಿಂದ ಬೇರೆ ಹೆಜ್ಜೆ ಕಾಣಲಿಲ್ಲ ಎಂಬುದನ್ನು ಸಾಕ್ಷಿ ಎನ್ನಲಾರೆ. ಮಲ್ಲಪ್ಪನಿಗೆ ಗೇಣಿನ ವಿಷಯ ಗೊತ್ತಿರಲಿಲ್ಲ. ನಾನೇ ನಿದ್ದೆಗಣ್ಣಿನಲ್ಲಿ ಎದ್ದು ನೆಟ್ಟೆನೋ? ಆದರೆ ಹಗಲಲ್ಲಿ ಕಾಣದ ಗೂಡು ಕತ್ತಲಲ್ಲಿ ಹೇಗೆ ಕಂಡೀತು? ನನ್ನ ಗೇಣು ಒಂಬತ್ತು ಇಂಚು.

ಉಳಿದ ಕಡ್ಡಿಗಳಲ್ಲಿ ಒಂದನ್ನು ಆರೂ ಕಾಲು ಇಂಚಿಗೆ ಸರಿಯಾಗಿ ಕತ್ತರಿಸಿಕೊಂಡು ಮನೆಗೆ ಬಂದೆ. ಹೆಂಡತಿಗೆ ಹೇಳಬಾರದೆಂದೇ ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಒಂದು ವರ್ಷದ ಹುಣ್ಣನ್ನು ನನ್ನ ಕೈಯಿಂದಲೇ ಮತ್ತೆ ಕೆರೆಯುವುದು ಬೇಡವಾಗಿತ್ತು. ಆದರೆ ಅವಳು ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದುದನ್ನು ನೋಡಿ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಅವಳು ತಲೆ ಎತ್ತದೆ ಕೇಳಿಸಿಕೊಂಡಳು. ಎದ್ದು, ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಕೊಟ್ಟಿಗೆಗೆ ನಡೆದಳು.

ಗೋಡೆಯ ಮೇಲಿನ ಅಂಗೈಗೆ, ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ, ಕಡ್ಡಿಯನ್ನು ಹಿಡಿದಳು. ಸರಿಹೋಗಲಿಲ್ಲ. ಕಡ್ಡಿ ಎರಡು ಜೋಳದ ಕಾಳಿನಷ್ಟು ಉದ್ದವಿತ್ತು.

ನನಗೆ ಸಮಾಧಾನವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. “ನೋಡು, ಕೂಡೂದಿಲ್ಲ” ಎಂದೆ.

ಅವಳು ಕಡ್ಡಿಯನ್ನು ಗೋಡೆಯಿಂದ ತೆಗೆಯಲಿಲ್ಲ. ತುದಿಯಲ್ಲಿ ಹೆಚ್ಚಾಗಿ ಉಳಿದ ಭಾಗವನ್ನು ಬೆರಳಿನಿಂದ ಸವರಿದಳು.

“ವರ್ಷದ ಮ್ಯಾಲಾತಲ್ರೀ,” ಎಂದಳು. “ನಮ್ಮ ಪದ್ಮಾ ಬೆಳದಾಳ.”

ಅರ್ಜಿಯನ್ನು ಕೊಡಲಿಲ್ಲ. ಸಂಸ್ಥಾನ ಇರುವವರೆಗೆ ಅದೇ ಕೆಲಸದಲ್ಲಿದ್ದೆ. ಎಷ್ಟೋ ಬೇಸಿಗೆ ಆ ದಿಬ್ಬದ ಮೇಲೆ ಮಲಗಿದೆ. ನೆಟ್ಟಷ್ಟೇ ಕಡ್ಡಿಗಳು ಬೆಳಿಗ್ಗೆ ಇರುತ್ತಿದ್ದವು. ಆ ವರ್ಷದ ಪುಸ್ತಕ ಈಗಲೂ ನನ್ನ ಬಳಿ ಇದೆ. ಹತ್ತನೆಯ ಗೂಡು: ಮೊಟ್ಟೆ ಮೂರು, ಮರಿ ಮೂರು, ದೂರ ಆರೂ ಕಾಲು ಇಂಚು. ‘ಕಂಡವರು’ ಎಂಬ ಅಂಕಣ ಖಾಲಿ. ನನ್ನ ಹೆಸರು ಬರೆದರೆ ಸುಳ್ಳಾಗುತ್ತದೆ. ಇನ್ನೊಂದು ಹೆಸರು ಬರೆಯಲು ಹಲವು ಸಲ ಲೇಖಣಿ ಎತ್ತಿದ್ದೇನೆ, ಕೈ ಬಂದಿಲ್ಲ.