ಚಿಕ್ಕಮ್ಮನ ಫೋಟೋಗೊಂದು ಕೆಂಪು ಗಾಜು

ಹಾಸನದಿಂದ ಬೆಳಗಿನ ಏಳರ ಬಸ್ಸಿಗೆ ಅರಕಲಗೂಡಿಗೆ ಹೊರಟೆ. ಆಧಾರ್ ಕಾರ್ಡ್ ನೋಡಿ ಕಂಡಕ್ಟರು ಶೂನ್ಯ ದರದ ಟಿಕೆಟ್ ಕೊಟ್ಟರು. ದಾರಿಯುದ್ದಕ್ಕೂ ಮಂಜು, ಪಕ್ಕದ ಹೊಲವೇ ಕಾಣುತ್ತಿರಲಿಲ್ಲ. ನನ್ನ ತಲೆಯೂ ಹಾಗೇ ಇತ್ತು, ಏಕೆಂದರೆ ಗೊತ್ತಿಲ್ಲದ ವಿಷಯದಲ್ಲಿ ಮಾತು ಕೊಟ್ಟುಬಿಟ್ಟಿದ್ದೆ.

ಗಣಿತ ಪಾಠ ಮಾಡಿ ನಿವೃತ್ತಳಾದ ಮೇಲೆ ಕ್ಯಾಮೆರಾ ಕೊಂಡು ಮೂರು ತಿಂಗಳಾಗಿತ್ತು. ಕಪ್ಪು ಬಿಳುಪು ಫೋಟೋ ಕಲಿಯುತ್ತಿದ್ದೇನೆ ಎಂದು ನೆಂಟರಿಗೆಲ್ಲ ಡಂಗುರ ಸಾರಿದ್ದೆ. ದಂಡಿಗನಹಳ್ಳಿಯಿಂದ ಪುಟ್ಟತಾಯಿ ಚಿಕ್ಕಮ್ಮ ಫೋನು ಮಾಡಿ, "ಕಪ್ಪು ಬಿಳುಪ್ನಾಗೆ ಮೊಕದ್ ಮ್ಯಾಲಿನ ಬಿಳೀ ಕಲೆ ಕಾಣಕ್ಕಿಲ್ವಂತಲ್ಲ, ದಿಟವಾ ಮಗಾ?" ಎಂದು ಕೇಳಿದರು. ನಾನೂ ಹಿಂದೆ ಮುಂದೆ ನೋಡದೆ, "ಕಾಣಲ್ಲ ಬಿಡಿ, ನಾನೇ ಬಂದು ನಿಮ್ಮ ಫೋಟೋ ತೆಗೀತೀನಿ" ಎಂದಿದ್ದೆ. ಮಗಳು ಮಂಜುಳ ಹುಟ್ಟಿದ ಮೇಲೆ ಚಿಕ್ಕಮ್ಮನ ಮುಖದಲ್ಲಿ ತೊನ್ನು ಕಾಣಿಸಿಕೊಂಡಿತ್ತು. ಅಂದಿನಿಂದ ಅವರು ಕ್ಯಾಮೆರಾ ಕಂಡರೆ ಒಳಗೆ ಹೋಗುವವರು. ಅದಕ್ಕೂ ಮೊದಲು ತೆಗೆಸಿದ್ದ ಒಂದೇ ಒಂದು ಫೋಟೋವನ್ನು ಗೆದ್ದಲು ತಿಂದಿತ್ತು.

ಅರಕಲಗೂಡಿನಲ್ಲಿ ಮಂಜುಳ ಹೊಸ ಮನೆ ಕಟ್ಟಿಸಿದ್ದಾಳೆ; ಫೋಟೋ ಹೋಗಬೇಕಾದ ಗೋಡೆಯನ್ನು ಮೊದಲು ನೋಡೋಣ ಎಂದು ಅಲ್ಲಿಗೇ ಹೋದೆ. ನಡುಮನೆಯ ಗೋಡೆಯಲ್ಲಿ ಅತ್ತೆ, ಮಾವ ಮತ್ತು ಅಪ್ಪನ ಫೋಟೋಗಳು, ಅವುಗಳ ಪಕ್ಕ ಒಂದು ಬರೀ ಮೊಳೆ.

"ಅದು ಅವ್ವನ ಜಾಗ ಅಕ್ಕ," ಎಂದಳು, ಕಂಕುಳಲ್ಲಿದ್ದ ಮಗನನ್ನು ಕೆಳಗಿಳಿಸುತ್ತ. ತನ್ನ ಮದುವೆಯ ಆಲ್ಬಮ್ ತಂದು ತೋರಿಸಿದಳು. ಅಷ್ಟು ದಪ್ಪ ಆಲ್ಬಮ್ಮಿನಲ್ಲಿ ಚಿಕ್ಕಮ್ಮ ಇದ್ದದ್ದು ಒಂದೇ ಕಡೆ: ಧಾರೆಯ ಫೋಟೋದಲ್ಲಿ ಚೊಂಬು ಹಿಡಿದ ಕೈ ಮಾತ್ರ. ನನಗೆ ಅಳು ಬಂತು.

ಅಕ್ಕಿ ರೊಟ್ಟಿ ತಿಂದ ಮೇಲೆ ಅಭ್ಯಾಸಕ್ಕೆಂದು ಮಂಜುಳಳನ್ನೇ ನಡುಹಗಲ ಬಿಸಿಲಿನಲ್ಲಿ ನಿಲ್ಲಿಸಿದೆ. ಅವಳೋ ಮುಖಕ್ಕೆ ಧಾರಾಳವಾಗಿ ಪೌಡರ್ ಬಳಿದುಕೊಂಡು ಬಂದಿದ್ದಳು. ಫೋಟೋದಲ್ಲಿ ಮುಖ ಸುಣ್ಣ ಹೊಡೆದ ಗೋಡೆ, ಕಣ್ಣುಗಳ ಜಾಗದಲ್ಲಿ ಎರಡು ಕಪ್ಪು ಗುಳಿ. "ಅಯ್ಯೋ ಅಕ್ಕ, ನಂಗೇ ಭಯ ಆಗ್ತೈತೆ," ಎಂದು ಬಿದ್ದು ಬಿದ್ದು ನಕ್ಕಳು. ಚಿಕ್ಕಮ್ಮನ ಮುಖವೂ ಹೀಗೇ ಬಂದರೆ ಎಂದು ನನಗೆ ಮಾತ್ರ ನಗು ಬರಲಿಲ್ಲ.

ಅಲ್ಲಿಂದ ಹೊಳೆನರಸೀಪುರಕ್ಕೆ ಬಂದಾಗ ನಾಲ್ಕು ಗಂಟೆ. ಪೇಟೆಯಲ್ಲಿ ಹಳೆಯ ಸ್ಟುಡಿಯೋ ಒಂದು ಇನ್ನೂ ಇತ್ತು, ಈಗ ಜೆರಾಕ್ಸ್ ಅಂಗಡಿಯೂ ಹೌದು. ಮಾಲೀಕರು ರುದ್ರಪ್ಪನವರು, ಎಪ್ಪತ್ತು ದಾಟಿದವರು. ನಾಚಿಕೆ ಬಿಟ್ಟು ಮಂಜುಳಳ ಫೋಟೋ ತೋರಿಸಿ, ಚಿಕ್ಕಮ್ಮನ ವಿಷಯ ಹೇಳಿದೆ.

"ಬರೀ ಕಪ್ಪು ಬಿಳುಪು ಮಾಡುದ್ರೆ ಕಲೆ ಓಗಲ್ಲ ಮೇಡಂ, ಇನ್ನೂ ಎದ್ದು ಕಾಣ್ತದೆ," ಎಂದರು. ನನ್ನ ಮುಖ ಸಣ್ಣಗಾದದ್ದು ನೋಡಿ ಡಬ್ಬಿಯೊಂದರಿಂದ ದುಂಡನೆಯ ಕೆಂಪು ಗಾಜು ತೆಗೆದರು. "ಇದ್ನ ಲೆನ್ಸ್ ಮುಂದೆ ಇಡ್ಕಳಿ. ಕಲೆ ಸುಮಾರಾಗಿ ಮೈಬಣ್ಣದ ಜೊತೆ ಸೇರ್ಕತದೆ. ಬಿಸ್ಲಿಗೆ ಕೂರಿಸ್ಬ್ಯಾಡಿ, ಬಾಗಿಲ ಒಳಗಡೆ ಓರೆಯಾಗಿ ಕೂರ್ಸಿ. ಪೌಡರ್ ಬ್ಯಾಡ. ಫೋಕಸ್ ಕಣ್ಣಿಗೇ ಇರ್ಲಿ."

ನಾನು ಎದ್ದಾಗ ಮತ್ತೆ ಕರೆದರು. "ಗಾಜು ಆಕೋ ಮುಂಚೆ ಆಯಮ್ಮನ್ನ ಒಂದ್ ಮಾತು ಕೇಳಿ. ಮೊಕ ಅವರ್ದು."

ರಾತ್ರಿ ಅದೇ ಊರಿನ ಗೆಳತಿಯೊಬ್ಬಳ ಮನೆಯಲ್ಲಿ ಉಳಿದು, ಮರುದಿನ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ದಂಡಿಗನಹಳ್ಳಿ ತಲುಪಿದೆ. ಚಿಕ್ಕಮ್ಮ ಮದುವೆಗೆ ಹೊರಟವರಂತೆ ಸೀರೆ ಉಟ್ಟು ಕಾದಿದ್ದರು. ಮುಖದ ತುಂಬ ಪೌಡರ್!

"ತೊಳ್ಕೊಂಡು ಬನ್ನಿ ಚಿಕ್ಕಮ್ಮ."

"ತೊಳುದ್ರೆ ಎಲ್ಲಾ ಕಾಣ್ತದಲ್ಲ ಮಗಾ. ನಾನ್ ಒಲ್ಲೆ."

ಬೇರೆ ದಾರಿ ಕಾಣದೆ ಮಂಜುಳಳ ಫೋಟೋ ತೋರಿಸಿದೆ. "ಅವ್ವಯ್ಯ, ನಮ್ ಮಂಜಿ ದೆವ್ವ ಆಗವ್ಳಲ್ಲೇ!" ಎಂದು ನಗುತ್ತಲೇ ಬಚ್ಚಲಿಗೆ ಹೋದರು. ಬಾಗಿಲ ಒಳಗೆ ಮಣೆ ಹಾಕಿ ಕೂರಿಸಿದೆ. ಗಾಜಿನ ವಿಷಯ ಹೇಳಿದೆ. ಅಂದು ಫೋನಿನಲ್ಲಿ ಗೊತ್ತಿಲ್ಲದೆ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. "ಎಲ್ಡೂ ತಗಿ, ನೋಡಾನ," ಎಂದರು. ಗಾಜಿಲ್ಲದೆ ಒಂದು, ಗಾಜು ಹಿಡಿದು ಒಂದು ತೆಗೆದೆ.

ಮೊದಲನೆಯದರಲ್ಲಿ ಕಲೆಗಳೆಲ್ಲ ಸ್ಪಷ್ಟವಾಗಿದ್ದವು. ಎರಡನೆಯದರಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಚಿಕ್ಕಮ್ಮ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ಎರಡನೆಯದನ್ನೇ ನೋಡಿದರು.

"ಇವ್ಳ್ನ ನೋಡಿ ಮೂವತ್ತು ವರ್ಸ ಆಗಿತ್ತು ಕಣ್ ಮಗಾ," ಎಂದರು.

ಗೋಡೆಗೆ ಯಾವುದು ಎಂದು ಕೇಳಿದರೆ, "ಮೊದ್ಲು ಉಣ್ಣು ಬಾ" ಎಂದು ಎದ್ದರು. ಮುದ್ದೆ, ಅವರೆಕಾಳು ಸಾರು ಬಡಿಸಿದರು. ಊಟದ ಉದ್ದಕ್ಕೂ ಬೇರೆ ಮಾತೇ ಆಡಿದರು. ಗಾಜಿನದೇ ಇರಬೇಕು, ಹೇಳಲು ಸಂಕೋಚ ಎಂದುಕೊಂಡೆ. ಹಾಸನದ ಬಸ್ಸು ಬಂತು. ಹತ್ತಿ ಕೂತ ಮೇಲೆ ಚಿಕ್ಕಮ್ಮ ಕಿಟಕಿಯ ಹತ್ತಿರ ಬಂದರು. ತೊಳೆದ ಮುಖಕ್ಕೆ ಮತ್ತೆ ಪೌಡರ್ ಹಾಕಿರಲಿಲ್ಲ.

"ಗಾಜಿಂದು ನಂಗಿರ್ಲಿ, ಪೆಟ್ಟಿಗೇಲಿ ಇಟ್ಕತೀನಿ," ಎಂದರು. "ಮಂಜಿ ಗೋಡೆಗೆ ಇನ್ನೊಂದು ಕೊಡು. ಮೊಮ್ಮಗ ನನ್ ಗುರ್ತು ಇಡೀಬ್ಯಾಡ್ವ?"