ಮೆಣಸಿನಕಾಯಿ ಒರೆಸಿದ ಸೆರಗು

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ ಮಕ್ಕಳೇ. ಹಾಗೆನ್ನುವವರು ಅದನ್ನು ಕಣ್ಣಿಗೆ ಸೋಕಿಸಿಕೊಂಡಿರಲಿಕ್ಕಿಲ್ಲ.

ಜೀವಂತ ಇದ್ದೇನೆಂದು ತೋರಿಸದಿದ್ದರೆ ಪಿಂಚಣಿ ನಿಲ್ಲುತ್ತದೆಂದು ಇವತ್ತು ಬ್ಯಾಡಗಿಯ ಪಿಂಚಣಿ ಕಚೇರಿಗೆ ಬಂದೆ. ಮೆಣಸಿನಕಾಯಿ ತೊಟ್ಟು ಬಿಡಿಸಿ ಸವೆದ ನನ್ನ ಬೆರಳನ್ನು ಯಂತ್ರ ಗುರುತಿಸಲಿಲ್ಲ.

“ಬೆರಳು ಬ್ಯಾಡ್ರಿ ಯಮ್ಮಾ, ಕಣ್ಣು ತೋರಸ್ರಿ,” ಎಂದ ಗುಮಾಸ್ತ.

ನಾಚಿಕೆಯಾಗಿ ಸೆರಗಿನಿಂದ ಮುಖ ಒರೆಸಿಕೊಂಡೆ. ಬೆಳಗ್ಗೆ ತೊಟ್ಟು ಬಿಡಿಸಿದ ಕೈಯನ್ನು ಅದೇ ಸೆರಗಿಗೆ ಒರೆಸಿದ್ದೆ. ಕಣ್ಣುಗಳು ಉರಿದು ಮುಚ್ಚಿಕೊಂಡವು.

“ಕಣ್ಣು ತೆರೀಲಿಲ್ಲಂದ್ರ ಜೀವಂತ ಅದೀರಿ ಅಂತ ಹೆಂಗ ಬರೀಲಿ?”

ಸಾಲಿನಲ್ಲಿ ನನ್ನ ಹಿಂದೆ ನಿಂತವಳು ನಕ್ಕಳು. “ಸತ್ತಾಕಿ ಹಿಂಗ ಕಣ್ಣೀರು ಸುರಸ್ತಾಳೇನೋ ತಮ್ಮಾ?”

ಗುಮಾಸ್ತ ನಾಳೆ ಬರಲು ಹೇಳಿದ್ದಾನೆ. ಹಾವೇರಿ ಬಸ್ಸಿಗೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಅಜ್ಜ ತೀರಿಕೊಂಡರೆಂದು ಅದೇ ಕಚೇರಿಯ ಕಿಟಕಿಯಲ್ಲಿ ಒಂದು ಚೀಟಿ ಕೊಟ್ಟಿದ್ದೆ. ಅದನ್ನು ಮಾತ್ರ ಒಂದೇ ಸಲಕ್ಕೆ ನಂಬಿದ್ದರು.