ಬಿಸಿಲಿಗೆ ಬೆಲೆ ಕಟ್ಟಿದ ದಾವೆ

ಊರು ಬಿಟ್ಟು ಬಂಗಾಳಕ್ಕೆ ಬಂದ ನಾವು ಲೇಕ್ ಮಾರ್ಕೆಟ್ ಹತ್ತಿರದ ಬಾಡಿಗೆ ಮನೆಯಲ್ಲಿ ಏಳು ವರ್ಷ ಕಳೆದಿದ್ದೆವು. ಎಪ್ಪತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ಅದೇ ಮನೆಯ ಇನ್ನೊಂದು ಭಾಗದಲ್ಲಿದ್ದ ಮಾಲೀಕರು ತಾರಸಿಯ ಬಾಗಿಲಿಗೆ ಇದ್ದಕ್ಕಿದ್ದಂತೆ ಬೀಗ ಹಾಕಿಸಿದರು. ಅಮ್ಮ ಆಗಷ್ಟೇ ಹಲಸಿನ ಹಪ್ಪಳಕ್ಕೆ ಹಿಟ್ಟು ಮಾಡಿಟ್ಟಿದ್ದಳು. ಮಾಲೀಕರು ಕಾರಣ ಹೇಳಲಿಲ್ಲ. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಅಪ್ಪ ಕೇಳಲೂ ಇಲ್ಲ. ಅಮ್ಮನನ್ನೂ ಕರೆದುಕೊಂಡು ನೇರವಾಗಿ ಅಲಿಪುರದ ಒಬ್ಬ ವಕೀಲರ ಬಳಿ ಹೋದರು. ಅಮ್ಮನ ಬಂಗಾಳಿ ತರಕಾರಿ ಅಂಗಡಿಯಿಂದಾಚೆ ದಾಟುತ್ತಿರಲಿಲ್ಲ. ಹಾಗಾಗಿ ಕಾಲೇಜು ತಪ್ಪಿಸಿ ನಾನೇ ದುಭಾಷಿಯಾದೆ.

"ತಾರಸಿ ಬಳಸುವ ಹಕ್ಕಿಗೆ ನೀವು ಎಷ್ಟು ಬೆಲೆ ಕಟ್ಟುತ್ತೀರಿ?" ಎಂದರು ವಕೀಲರು. "ದಾವೆಯ ಮೌಲ್ಯ ಬರೆಯಲೇಬೇಕು. ಕೋರ್ಟ್ ಫೀ ಅದರ ಮೇಲೆಯೇ. ಮೌಲ್ಯ ಕಡಿಮೆಯಾದರೆ ಮುನ್ಸೀಫರ ಕೋರ್ಟು, ಹೆಚ್ಚಾದರೆ ದೊಡ್ಡ ಕೋರ್ಟು."

ಅಮ್ಮನಿಗೆ ಹೇಳಿದೆ.

"ಬಿಸಿಲಿಗೆ ಎಂತ ಬೆಲೆ ಹೇಳುವುದು? ಇವರಿಗೆ ಮಂಡೆ ಸಮ ಉಂಟಾ?"

"ಅಮ್ಮ ಯೋಚಿಸುತ್ತಿದ್ದಾರೆ" ಎಂದು ನಾನು ವಕೀಲರಿಗೆ ಅನುವಾದಿಸಿದೆ.

"ಇದು ಮರ್ಯಾದೆಯ ಪ್ರಶ್ನೆ! ಹತ್ತು ಸಾವಿರ ಬರೆಯಿರಿ!" ಎಂದು ಅಪ್ಪ ಇಂಗ್ಲಿಷಿನಲ್ಲಿ ಗುಡುಗಿದರು. ಅದಕ್ಕೆ ಎಷ್ಟು ಫೀ ಆಗುತ್ತದೆಂದು ವಕೀಲರು ಮೆಲ್ಲಗೆ ತಿಳಿಸಿದರು. ಅಪ್ಪ ಕನ್ನಡಕ ತೆಗೆದು ಒರೆಸಿದರು. ನಮ್ಮ ಮರ್ಯಾದೆ ಸಾವಿರಕ್ಕೆ ಇಳಿಯಿತು. ಚಹಾ ಬರುವಷ್ಟರಲ್ಲಿ ಮುನ್ನೂರಕ್ಕೆ ಬಂದು ನಿಂತಿತು.

ಮಾಲೀಕರ ಕಡೆಯವರು ಅದನ್ನೇ ಹಿಡಿದುಕೊಂಡರು: ಮೌಲ್ಯ ತೀರಾ ಕಡಿಮೆ ಬರೆದಿದ್ದಾರೆ, ಈ ದಾವೆ ಮುನ್ಸೀಫರ ಮುಂದೆ ನಡೆಯುವಂಥದ್ದಲ್ಲ. ವಿಚಾರಣೆಯ ದಿನ ಮಾಲೀಕರು ಕಟಕಟೆ ಹಿಡಿದು ನಿಂತು ತಮ್ಮ ತಾರಸಿಯನ್ನು ಮನಸಾರೆ ಹೊಗಳಿದರು. ಎಂಥ ದಕ್ಷಿಣದ ಗಾಳಿ! ಎಂಥ ಎಳೆಬಿಸಿಲು! ಹತ್ತು ಸಾವಿರಕ್ಕೆ ಒಂದು ಕಾಸೂ ಕಡಿಮೆಯಿಲ್ಲ!

"ನೀವು ದಿನಾ ಮೇಲೆ ಹೋಗುತ್ತೀರಾ?" ಎಂದು ಮುನ್ಸೀಫರು ಕೇಳಿದರು.

"ಇಲ್ಲ ಸ್ವಾಮಿ, ಮಂಡಿನೋವು. ಹತ್ತಿ ನಾಲ್ಕು ವರ್ಷವಾಯಿತು."

"ಮತ್ತೆ ಬೀಗ ಯಾಕೆ?"

ಮಾಲೀಕರ ಮುಖ ಸಪ್ಪಗಾಯಿತು. "ಮಧ್ಯಾಹ್ನ ಅನ್ನ ಉಂಡು ಒಂದು ಗಳಿಗೆ ಮಲಗುತ್ತೇನೆ. ಬೇಸಿಗೆ ಬಂತೆಂದರೆ ಆಗಲೇ ಈಕೆ ನನ್ನ ತಲೆಯ ಮೇಲ್ಗಡೆ ಹಪ್ಪಳಕ್ಕೆ ಬರುವ ಕಾಗೆ ಓಡಿಸಲು ತಗಡು ಬಡಿಯುತ್ತಾರೆ. ಹೆಂಗಸರಿಗೆ ಹೇಗೆ ಹೇಳುವುದೆಂದು ಬೀಗ ಹಾಕಿಸಿಬಿಟ್ಟೆ."

ಕೋರ್ಟಿನಲ್ಲಿ ನಗೆ ಎದ್ದಿತು. ಉಣ್ಣುವುದೂ ಮಲಗುವುದೂ ಬಂಗಾಳದಲ್ಲಿ ಎಷ್ಟು ಪವಿತ್ರವೆಂದು ಅಲ್ಲಿ ಯಾರಿಗೂ ವಿವರಿಸಬೇಕಿರಲಿಲ್ಲ. ಮುನ್ಸೀಫರೂ ತಲೆದೂಗಿದಂತೆ ನನಗೆ ಕಂಡಿತು. ನಾನು ಅಮ್ಮನ ಕಿವಿಯಲ್ಲಿ ಎಲ್ಲ ಹೇಳಿದೆ.

"ಅಯ್ಯೋ, ಮೊದಲೇ ಹೇಳಬಾರದಿತ್ತಾ? ಹಳೇ ಸೊಳ್ಳೆಪರದೆ ಹೊದಿಸಿದರೆ ಆಯ್ತಪ್ಪ, ಕಾಗೆ ಎಂತ ಮಾಡ್ತದೆ?"

ಈ ಸಲ ಒಂದಕ್ಷರ ಬದಲಿಸದೆ ಅನುವಾದಿಸಿದೆ. ಮಾಲೀಕರು ಅಲ್ಲೇ ಜೇಬಿನಿಂದ ಬೀಗದ ಕೈ ತೆಗೆದುಕೊಟ್ಟರು. ಅಪ್ಪ ದಾವೆ ಹಿಂತೆಗೆದುಕೊಂಡರು. ತಾರಸಿಯ ಬೆಲೆ ಮುನ್ನೂರೋ ಹತ್ತು ಸಾವಿರವೋ ಯಾರೂ ತೀರ್ಮಾನಿಸಲಿಲ್ಲ.

ಎರಡೂ ಕಡೆಯವರು ಹೋಗಬೇಕಾದದ್ದು ಒಂದೇ ಮನೆಗೆ. ಹಾಗಾಗಿ ಒಂದೇ ಟ್ರಾಮ್ ಹತ್ತಿದೆವು. ಅಪ್ಪ ಮಾಲೀಕರ ತೋಳು ಹಿಡಿದು ಹತ್ತಿಸಿದರು. ಮಾಲೀಕರು ಎಲ್ಲರಿಗೂ ಟಿಕೆಟ್ ತೆಗೆದರು. ಕಾಳಿಘಾಟ್ ಬರುವಷ್ಟರಲ್ಲಿ, ಇಬ್ಬರ ವಕೀಲರಲ್ಲಿ ಯಾರು ಹೆಚ್ಚು ಸುಲಿದರೆಂಬ ಬಿರುಸಿನ ವಾದ ಶುರುವಾಗಿತ್ತು. ಅಪ್ಪನೇ ಗೆದ್ದರು.